ನಮ್ಮವರಲ್ಲದವರಿಗೆ ಇಟ್ಟ ಎಡೆ

ಆಗ ನನಗೆ ಅರವತ್ತೆಂಟು. ಅದಾಗಿ ನಾಲ್ಕು ವರ್ಷವಾಯಿತು. ಮೊಮ್ಮಗಳು, ಅಂದರೆ ನನ್ನ ಮಗನ ಮಗಳು, ತುಮಕೂರಿನಲ್ಲಿ ಕೆಲಸಕ್ಕೆ ಸೇರಿದ್ದಳು. ಗುಬ್ಬಿಯಿಂದ ತುಮಕೂರೇನು ದೂರವಲ್ಲ, ದಿನಾ ರೈಲಿನಲ್ಲಿ ಹೋಗಿ ಬರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವಳ ಪಾಳಿ ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇರುತ್ತಿರಲಿಲ್ಲ. ಅದಕ್ಕೇ ಶೆಟ್ಟಿಹಳ್ಳಿ ಕಡೆ ಒಂದು ರೂಮು ಮಾಡಿ, ಅವಳಿಗೆ ಬೇಯಿಸಿ ಹಾಕಲು ನನ್ನನ್ನು ಕೂರಿಸಿದರು. ಗುಬ್ಬಿ ಮನೆ ನೋಡಿಕೊಳ್ಳಲು ಸೊಸೆ ಇದ್ದಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ನಾನು ಎಲ್ಲಿದ್ದರೂ ಒಂದೇ.

ನನ್ನ ಮಗ ಬಿದರೆಹಳ್ಳ ಕಾವಲಿನ ಕಾರ್ಖಾನೆ ಕಡೆಗೆ ಕೆಲಸಗಾರರನ್ನು ಕರೆದುಕೊಂಡು ಹೋಗುವ ವ್ಯಾನು ಓಡಿಸುತ್ತಾನೆ. ಮಗಳದು ಕಂಪ್ಯೂಟರ್ ಕೆಲಸ ಅಂತ ವ್ಯಾನಿನವರಿಗೆಲ್ಲ ಹೇಳಿಕೊಂಡು ಬಂದಿದ್ದ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಮನೆಯಲ್ಲಿ ಏನೂ ಹೇಳಕೂಡದು ಅಂತ ಆಫೀಸಿನವರು ಅವಳ ಕೈಲಿ ಸೈನು ಹಾಕಿಸಿಕೊಂಡಿದ್ದರು. ನನ್ನ ಹತ್ತಿರ ಮಾತ್ರ ಹೇಳಿದಳು.

"ನಿಂಗೆ ಹೇಳಿದ್ರೆ ಯಾರ್ಗೂ ಹೇಳ್ದಂಗಲ್ಲ ಬುಡಜ್ಜಿ. ನಿಂಗೆ ಫೋನು ಎತ್ತೋಕೂ ಬರಲ್ಲ" ಅಂದಳು.

ಸುಳ್ಳೇನಲ್ಲ. ನಾನು ಮೂರನೇ ಕ್ಲಾಸು.

ಜನ ಫೋನಿನಲ್ಲಿ ವಿಡಿಯೋ ಹಾಕುತ್ತಾರಲ್ಲ, ಅದರಲ್ಲಿ ನೋಡಬಾರದ್ದೂ ಇರುತ್ತದಂತೆ. ಅದನ್ನು ಯಾರಾದರೂ ಮೊದಲು ನೋಡಿ, ಇದು ಇರಲಿ, ಇದು ಬೇಡ ಅಂತ ತೆಗೆಯಬೇಕು. ಮೆಷಿನ್ನೇ ಮುಕ್ಕಾಲು ಪಾಲು ತೆಗೆಯುತ್ತದೆ, ಆದರೆ ನಮ್ಮ ಕಡೆ ಮಾತು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೆ ನಮ್ಮ ಕಡೆ ಹುಡುಗ ಹುಡುಗಿಯರನ್ನು ಹಿಡಿದು ಕೂರಿಸಿದ್ದರು. ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿ, ಕಿಟಕಿಗೆಲ್ಲ ಪರದೆ. ಬಾಗಿಲಲ್ಲೇ ಫೋನು ಇಸಿದುಕೊಂಡು ಬೀಗ ಹಾಕಿಡುತ್ತಿದ್ದರು. ರಾಗಿಯಲ್ಲಿ ಕಲ್ಲು ಆರಿಸುವ ಕೆಲಸ ಅಜ್ಜಿ, ಮತ್ತೇನಿಲ್ಲ ಅಂತ ಅವಳೇ ಹೇಳಿದ್ದು. ನಾನೂ ಹಾಗೇ ಅಂದುಕೊಂಡೆ.

ಮೊದಮೊದಲು ಚೆನ್ನಾಗೇ ಇತ್ತು. ಕೆಲಸದಿಂದ ಬಂದವಳು ನಗುತ್ತಾ ಕೂರುತ್ತಿದ್ದಳು. ಬೈಗುಳ ಕೇಳುತ್ತಿದ್ದಳು ನನ್ನನ್ನು. ಯಾರೋ ಮುದುಕಿ ಬೇಲಿ ಜಗಳದಲ್ಲಿ ಏನೋ ಬೈದಿದ್ದಾಳೆ, ಅದು ಬರೀ ಬೈಗುಳವೋ, ಜಾತಿ ಹಿಡಿದು ಬೈದದ್ದೋ, ಸಾಯಿಸ್ತೀನಿ ಅಂತ ಬೆದರಿಸಿದ್ದೋ, ಅವಳಿಗೆ ತಿಳಿಯಬೇಕು. ಈಗಿನ ಮಕ್ಕಳಿಗೆ ಬೈಯೋದಕ್ಕೂ ಬರುವುದಿಲ್ಲ. ನಾನು ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದೆ. ಅವಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ನಮ್ಮಾಫೀಸ್ಗೆ ನಿನ್ನೇ ಸೇರಿಸ್ಬೇಕಿತ್ತು ಕಣಜ್ಜಿ" ಅನ್ನುತ್ತಿದ್ದಳು.

ಆಮೇಲೆ ಕೇಳುವುದನ್ನು ಬಿಟ್ಟಳು. ಬೈಗುಳದ ಕಡೆಯಿಂದ ಅವಳನ್ನು ತೆಗೆದು ಬೇರೆ ಕಡೆ ಹಾಕಿದ್ದರು. ಅದು ಏನು ಅಂತ ಹೇಳಲಿಲ್ಲ. ನಾನು ಸೊಪ್ಪು ಹೆಚ್ಚಲು ಈಳಿಗೆಮಣೆ ಹಾಕಿಕೊಂಡರೆ ಎದ್ದು ಆಚೆ ಹೋಗುತ್ತಿದ್ದಳು. ಕೆಲಸ ಮುಗಿದ ಮೇಲೆ ಈಳಿಗೆಮಣೆಯನ್ನು ಗೋಡೆ ಕಡೆ ತಿರುಗಿಸಿ, ಮೇಲೊಂದು ಚೀಲ ಹಾಕಬೇಕಿತ್ತು. ಬಾಡು ಬಿಟ್ಟಳು. ಭಾನುವಾರ ಕೋಳಿ ತಂದರೆ ಅವತ್ತಿಡೀ ಊಟ ಮಾಡುತ್ತಿರಲಿಲ್ಲ.

ಅವಳು ಬಾಡು ಬಿಟ್ಟದ್ದು ಕೇಳಿ ಸೊಸೆಗೆ ಖುಷಿಯೋ ಖುಷಿ. ಮಠದ ಊರಲ್ಲಿದ್ದಾಳಲ್ಲ, ಸಹವಾಸದಿಂದ ಬುದ್ಧಿ ಬಂದಿದೆ, ಭಕ್ತಿ ಬಂದಿದೆ ಅಂತ ಗುಬ್ಬಿಯ ಬೀದಿಗೆಲ್ಲ ಹೇಳಿದಳು. ಒಂದು ವಿಭೂತಿ ಗಟ್ಟಿ, ರುದ್ರಾಕ್ಷಿ ತಂದುಕೊಟ್ಟಳು. ಹುಡುಗಿ ಬೇಡ ಅನ್ನಲಿಲ್ಲ, ಕಪಾಟಿನಲ್ಲಿಟ್ಟಳು. ಕುಣಿಗಲ್ಲಿನಿಂದ ಒಂದು ಸಂಬಂಧ ಬಂದಾಗಲೂ ಸೊಸೆ ಇದನ್ನೇ ಮುಂದೆ ಮಾಡಿ ಹೇಳಿದಳು, ನಮ್ಮ ಹುಡುಗಿ ಬಾಡು ಮುಟ್ಟಲ್ಲ ಅಂತ. ಅವರು ಬಾಡಿನ ಮನೆಯವರು. ನಮ್ಮ ಮನೆಗೆ ಆಗಿಬರಲ್ಲ ಅಂತ ಹೇಳಿ ಕಳಿಸಿದರು.

ಭಕ್ತಿ ಬಂದವರು ಬೀದಿಯಲ್ಲಿ ಹೋಗುವಾಗ ಕಂಡವರ ಮನೆ ಸಂಪಿನ ಮುಚ್ಚಳ ಮುಚ್ಚಿಕೊಂಡು ಹೋಗುವುದಿಲ್ಲ. ಇವಳು ಅದನ್ನು ಶುರು ಮಾಡಿದ್ದಳು. ಯಾರ ಮನೆ ಮುಂದೆ ನೀರಿನ ಸಂಪು ತೆಗೆದಿದ್ದರೂ ನಿಂತು ಮುಚ್ಚಿ, ಮೇಲೆ ಕಲ್ಲು ಹೇರಿ ಬರುತ್ತಿದ್ದಳು. ಎದುರು ಮನೆಯವಳು ನೀರು ಸೇದಲು ಬಂದು ಕಲ್ಲು ಎತ್ತಲಾರದೆ ನನ್ನನ್ನು ಕೇಳಿದಳು, "ಏನಜ್ಜಿ, ನಿಮ್ ಹುಡ್ಗಿ ಕಾರ್ಪೊರೇಷನ್ನಿಂದ ಬಂದವ್ಳಾ?" ಅಂತ. ನಾನು ಕಲ್ಲು ಇಳಿಸಿಕೊಟ್ಟೆ. ವಿಡಿಯೋದಲ್ಲಿ ಕಂಡದ್ದು ಯಾವ ಮಗು, ಯಾವ ಊರಿನ ಸಂಪು ಅಂತ ನಾನು ಹುಡುಗಿಯನ್ನು ಕೇಳಲಿಲ್ಲ. ಕೇಳಿದ್ದರೂ ಏನು ಮಾಡುತ್ತಿದ್ದೆ.

ಬಿಡು ಆ ಕೆಲಸ ಅಂದೆ ಒಂದು ಸಲ. ಪಕ್ಕದ ಸೀಟಿನಲ್ಲಿ ಒಬ್ಬಳಿದ್ದಾಳಂತೆ, ಹಾಲು ಕುಡಿಯುವ ಮಗುವನ್ನು ಮನೆಯಲ್ಲಿ ಬಿಟ್ಟು ಬರುವವಳು. ತಾನು ಎದ್ದು ಹೋದರೆ ತನ್ನ ಪಾಲಿನದೆಲ್ಲ ಅವಳ ಮುಂದೆ ಬಂದು ಬೀಳುತ್ತದೆ ಅಂದಳು. ವಾರಕ್ಕೊಂದು ಸಲ ಒಬ್ಬ ಹೆಂಗಸು ಕಂಪ್ಯೂಟರಿನ ಒಳಗೆ ಬಂದು ಇವರ ಕಷ್ಟಸುಖ ವಿಚಾರಿಸುತ್ತಿದ್ದಳಂತೆ. ಏನು ಹೇಳುತ್ತಾಳೆ ಅಂತ ಕೇಳಿದರೆ, ಉಸಿರು ಎಳೆದು ಬಿಡು ಅನ್ನುತ್ತಾಳೆ ಅಂದಳು. ಇವಳು ಎಳೆದು ಬಿಡುತ್ತಿದ್ದಳು. ಆಮೇಲೆ ಹೋಗಿ ಮತ್ತೆ ನೋಡುತ್ತಿದ್ದಳು.

ಒಂದು ರಜೆ ದಿನ ಮಧ್ಯಾಹ್ನ ನಾನು ಹುರುಳಿಕಾಳು ಹಸನು ಮಾಡುತ್ತಿದ್ದೆ. ಅವಳು ಬಂದು ಎದುರಿಗೆ ಕೂತು, ಕಾಳಿನೊಳಗೆ ಕೈಯಾಡಿಸುತ್ತಾ, "ಎಮ್ಮೆ ಎಷ್ಟೊತ್ತು ನೀರಿಲ್ದೆ ಇರ್ತದಜ್ಜಿ?" ಅಂದಳು.

ಆಮೇಲೆ ಹೇಳಿದಳು. ವಿಡಿಯೋದಲ್ಲಿ ಒಬ್ಬ ಮನುಷ್ಯ, ವಯಸ್ಸಾದವನೇನಲ್ಲ. ಹಿಂದೆ ಕೊಟ್ಟಿಗೆ ಕಾಣುತ್ತಿತ್ತಂತೆ. ಅವನು ಸತ್ತದ್ದನ್ನು ಅವನೇ ಫೋನಿಗೆ ಹಿಡಿದುಕೊಂಡಿದ್ದ. ಹೇಗೆ ಅಂತ ನಾನು ಹೇಳುವುದಿಲ್ಲ. ಅದಕ್ಕೆ ಮುಂಚೆ ಅವನು ಆಡಿದ್ದು ಒಂದೇ ಮಾತು. "ಅವ್ವಾ, ಎಮ್ಮೆಗೆ ನೀರು ಕುಡ್ಸಿಲ್ಲ ಕಣವ್ವ. ನೀನು ಕುಡ್ಸ್ಬುಡು."

ನಮ್ಮ ಮಾತೇ. ಹಾಗಲವಾಡಿ ಕಡೆಯವನೋ, ಕುಣಿಗಲ್ ಕಡೆಯವನೋ, ಯಾರಿಗೆ ಗೊತ್ತು. ಅವಳ ಮುಂದೆ ಬರುವ ಹೊತ್ತಿಗೆ ಅದು ಹಿಂದಿನ ದಿನದ್ದಾಗಿತ್ತು. ತೆಗೆಯಬೇಕಾದದ್ದೇ, ತೆಗೆದಳು. ಆದರೆ ಅದು ಹೋಗಲಿಲ್ಲ. ಯಾರೋ ಅದನ್ನು ಇಟ್ಟುಕೊಂಡು ಮತ್ತೆ ಹಾಕಿದರು. ಇವಳು ತೆಗೆದಳು. ಇನ್ನೊಬ್ಬ ಅದಕ್ಕೆ ಹಾಡು ಸೇರಿಸಿ ಹಾಕಿದ. ಮತ್ತೊಬ್ಬ ಉದ್ದ ಕಡಿಮೆ ಮಾಡಿ ಹಾಕಿದ. ಬೆಳಿಗ್ಗೆ ಹೋಗಿ ಕೂತರೆ ಅದೇ ಮನುಷ್ಯ, ಊಟ ಮಾಡಿ ಬಂದು ಕೂತರೆ ಅದೇ ಮನುಷ್ಯ. ಒಂದೇ ಹೆಣ ಎಷ್ಟು ಸಲ ಹೊರುವುದು.

ಅವಳನ್ನು ತಿನ್ನುತ್ತಿದ್ದದ್ದು ಅದೂ ಅಲ್ಲ.

"ಅವ್ನು ಅವ್ರವ್ವಂಗೆ ಹೇಳಿದ್ದು ಕಣಜ್ಜಿ. ನಾನು ತೆಗ್ದಾಕ್ಬುಟ್ಟೆ. ಅವ್ರವ್ವ ಕೇಳಿಸ್ಕೊಳೋಕೆ ಮುಂಚೆನೇ ತೆಗ್ದಿದ್ರೆ?"

ಎಮ್ಮೆ ಬಾಯಾರಿದರೆ ಸುಮ್ಮನಿರುತ್ತದೇನೇ, ಬೀದಿಗೆಲ್ಲ ಕೇಳುವ ಹಾಗೆ ಅರಚುತ್ತದೆ, ಯಾರಾದರೂ ಕುಡಿಸಿರುತ್ತಾರೆ ಬಿಡು ಅಂದೆ. ಅವತ್ತು ಅಷ್ಟಕ್ಕೆ ಸುಮ್ಮನಾದಳು. ಹೀಗೆ ಹೇಳುತ್ತಾ ಹೋದರೆ ಇಳಿಯಬಹುದು ಅಂದುಕೊಂಡೆ. ಅದು ಇಳಿಯುವ ಜಾತಿಯದಲ್ಲ.

ಭಾದ್ರಪದದಲ್ಲಿ ಒಂದು ದಿನ ಅವಳು ಆಫೀಸಿನಿಂದ ನಡೆದು ಬರುತ್ತಾ, ನಮ್ಮ ಬೀದಿ ಕೊನೆಯಲ್ಲಿ ಹಾಲು ಮಾರುವವಳ ಎಮ್ಮೆಯನ್ನು ಗೂಟದಿಂದ ಬಿಚ್ಚಿ, ಎಳೆದುಕೊಂಡು ಬಂದು ನಮ್ಮ ಮನೆ ಮಾಲೀಕರ ನೀರಿನ ತೊಟ್ಟಿಗೆ ಬಾಯಿ ಹಾಕಿಸಿದ್ದಳು. ಎಮ್ಮೆ ಕುಡಿಯಲಿಲ್ಲ. ಅದಕ್ಕೆ ಆಗಲೇ ಕುಡಿಸಿದ್ದರು. ಇವಳು ಅದರ ಕೊರಳು ಹಿಡಿದು ನೀರಿಗೆ ಅದುಮುತ್ತಿದ್ದಳು. ಹಾಲಿನವಳು ಓಡಿ ಬಂದು ಹಗ್ಗ ಕಿತ್ತುಕೊಂಡಳು. ಬಾಯಿಗೆ ಬಂದಂತೆ ಬೈದಳು. ನನಗೆ ಗೊತ್ತಿಲ್ಲದ ಬೈಗುಳ ಒಂದೂ ಇರಲಿಲ್ಲ. ಮೊಮ್ಮಗಳು "ಕುಡೀತಿಲ್ಲ, ಕುಡೀತಿಲ್ಲ" ಅನ್ನುತ್ತಾ ನಿಂತಿದ್ದಳು.

ಮಾಲೀಕರು ನನ್ನ ಮಗನಿಗೆ ಫೋನು ಮಾಡಿದರು. ಅವನು ವ್ಯಾನು ಅಲ್ಲೇ ಯಾರಿಗೋ ಒಪ್ಪಿಸಿ ಬಂದು ನಮ್ಮಿಬ್ಬರನ್ನೂ ಗುಬ್ಬಿಗೆ ಕರೆದುಕೊಂಡು ಹೋದ. ಆಗ ನಾನು ಎಲ್ಲ ಹೇಳಿದೆ. ಸೈನು ಹಾಕಿದ್ದವಳು ಅವಳು, ನಾನಲ್ಲ. ಆಸ್ಪತ್ರೆಗೆ ತೋರಿಸೋಣ ಅಂದೆ. ಸೊಸೆ ಗಂಡನ ಮುಖ ನೋಡಿದಳು. ತಲೆ ಡಾಕ್ಟರ ಹತ್ತಿರ ಹೋದದ್ದು ಗೊತ್ತಾದರೆ ಇನ್ನೊಂದು ಸಂಬಂಧ ಈ ಹೊಸಿಲು ತುಳಿಯುತ್ತದಾ ಅಂದಳು. ಅವಳ ತವರು ಕುಣಿಗಲ್. ಅಲ್ಲಿ ಅಕ್ಕಿಕಾಳು ಹಾಕಿ ಶಾಸ್ತ್ರ ಹೇಳುವವಳಿದ್ದಳು, ಅಲ್ಲಿಗೇ ಹೊರಟೆವು.

ಆ ಶಾಸ್ತ್ರದವಳ ಮನೆ ಜಗುಲಿಯಲ್ಲಿ ನಮ್ಮ ಸರದಿ ಬರುವುದರೊಳಗೆ ಸೊಸೆ ಪಕ್ಕದಲ್ಲಿ ಕೂತವರಿಗೆಲ್ಲ ನಡೆದದ್ದು ಹೇಳಿ ಮುಗಿಸಿದ್ದಳು. ಒಳಗಿದ್ದವಳಿಗೆ ಕಿವಿ ಇತ್ತು. ಕಾಳು ಹಾಕಿ ನೋಡಿ, ಎಡೆ ಇಡುವವರಿಲ್ಲದ ಒಂದು ಜೀವ ಹುಡುಗಿಯ ಹಿಂದೆ ಬಂದಿದೆ, ಪಕ್ಷದಲ್ಲಿ ನಿಮ್ಮ ಹಿರಿಯರ ಜೊತೆ ಅದಕ್ಕೂ ಒಂದು ಎಲೆ ಹಾಕಿ, ಉಂಡು ಹೋಗುತ್ತದೆ ಅಂದಳು. ಮಗನ ಮುಖಕ್ಕೆ ಬೆಳಕು ಬಂತು. ಅವನಿಗೆ ಮಾಡಲು ಒಂದು ಕೆಲಸ ಸಿಕ್ಕಿತ್ತು.

ವಾಪಸು ಬರುವಾಗ ಕುಣಿಗಲ್ ಕೆರೆ ಏರಿಯ ಹತ್ತಿರ ಗಾಡಿ ನಿಲ್ಲಿಸಿದ. ಕೆರೆ ಅಂಚಿನಲ್ಲಿ ಎಮ್ಮೆಗಳು ನೀರಿಗೆ ಬಿದ್ದುಕೊಂಡಿದ್ದವು, ಕುಡಿಯುತ್ತಿದ್ದವು, ಮೇಯಿಸುವವನು ದಡದಲ್ಲಿ ಫೋನು ನೋಡುತ್ತಾ ಕೂತಿದ್ದ. ನಾನು ಹುಡುಗಿಗೆ ತೋರಿಸಿದೆ. ನೋಡು, ಯಾರೂ ಕುಡಿಸುತ್ತಿಲ್ಲ, ಅವೇ ಹೋಗಿ ಕುಡಿಯುತ್ತಿವೆ ಅಂದೆ.

ಅವಳು ನೋಡಿದಳು. "ಅವ್ನದು ಕಟ್ಟಾಕಿರೋದು ಅಜ್ಜಿ" ಅಂದಳು.

ಮನೆಗೆ ಬಂದ ಮೇಲೆ ನಾನು ಮಗನಿಗೆ ಹೇಳಿದೆ, ಈ ಎಡೆ ಬೇಡ ಅಂತ. ಎಡೆ ಅಂದರೆ ಕಾಗೆಗೆ ಹಾಕುವ ಅನ್ನವಲ್ಲ. ಒಂದು ಸಲ ಎಲೆ ಹಾಕಿ ಕರೆದರೆ ಅವರು ಮನೆಯವರಾಗುತ್ತಾರೆ. ವರ್ಷ ವರ್ಷ ಬರುತ್ತಾರೆ, ವರ್ಷ ವರ್ಷ ಇಡಬೇಕು. ಈಗ ಅವನು ಅವಳ ತಲೆಯಲ್ಲಿದ್ದಾನೆ, ನೀನು ಮನೆಯಲ್ಲೇ ಜಾಗ ಮಾಡಿಕೊಡುತ್ತಿದ್ದೀಯ ಅಂದೆ.

"ಒಂದೆಲೆ ತಾನೇ ಕಣವ್ವ. ಇಡೋಣ ಬುಡು" ಅಂದ. ಅವನ ಕಣ್ಣು ನೋಡಲಾಗದೆ ಹೂಂ ಅಂದೆ.

ಅಮಾವಾಸ್ಯೆ ದಿನ ಅಡುಗೆ ನಾನೇ ಮಾಡಿದೆ. ಎಡೆ ಅಡುಗೆಯನ್ನು ಮಾಡುವವರು ಬಾಯಿಗೆ ಹಾಕಿಕೊಂಡು ನೋಡುವ ಹಾಗಿಲ್ಲ. ಉಪ್ಪು ಖಾರ ಕೈ ಅಂದಾಜು. ನನ್ನ ಗಂಡನ ಎಲೆಗೆ ಮರಿ ಬಾಡು, ಮುದ್ದೆ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್. ಬದುಕಿದ್ದಾಗ ಆ ಕ್ವಾರ್ಟರಿಗೆ ಎಷ್ಟು ಬೈದಿದ್ದೆನೋ, ಈಗ ನಾನೇ ಮುಚ್ಚಳ ತೆಗೆದಿಡುತ್ತೇನೆ. ಅತ್ತೆ ಮಾವನಿಗೆ ಸೇರಿ ಒಂದು ಎಲೆ. ಮೂರನೆಯದು ಅವನಿಗೆ.

ಅವನಿಗೆ ಏನು ಇಷ್ಟ ಅಂತ ಯಾರಿಗೆ ಗೊತ್ತು. ಅನ್ನ, ಕಾಳಿನ ಸಾರು, ಕಡುಬು ಬಡಿಸಿದೆ. ಮೊಮ್ಮಗಳು ಒಂದು ಬಕೆಟ್ಟು ನೀರು ತುಂಬಿ ತಂದು ಆ ಎಲೆಯ ಪಕ್ಕ ಇಟ್ಟಳು. ಧೂಪ ಹಾಕಿ, ಅಡ್ಡಬಿದ್ದು, ಹಿರಿಯರು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಎಲ್ಲರೂ ಜಗುಲಿಗೆ ಬಂದು ಕೂತೆವು. ಅವಳು ನನ್ನ ಪಕ್ಕದಲ್ಲೇ ಕೂತಳು. ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದಳು, ಸಣ್ಣವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಅಷ್ಟು ಹೊತ್ತು ನನಗೂ ಅನ್ನಿಸಿತು, ಆ ಶಾಸ್ತ್ರದವಳು ಹೇಳಿದ್ದೇ ಸರಿ ಇರಬಹುದು ಅಂತ.

ಮಗ ಎದ್ದು ಬಾಗಿಲು ತೆಗೆದ. ಅವಳು ಒಳಗೆ ಹೋಗಿ ಆ ಎಲೆಯ ಮುಂದೆ ನಿಂತಳು. ಆಮೇಲೆ ಹಿತ್ತಿಲಿಗೆ ಹೋದಳು. ಕೈ ತೊಳೆಯಲು ಹೋಗಿದ್ದಾಳೆ ಅಂದುಕೊಂಡೆವು. ಬಾಳೆ ಎಲೆ ಹರಿದುಕೊಂಡು ಬಂದಳು, ತೋಳು ತುಂಬ. ಕತ್ತಿ ಮುಟ್ಟಿರಲಿಲ್ಲ, ಕೈಯಲ್ಲೇ ಸೀಳಿದ್ದಳು. ಒಂದು ಎಲೆಯನ್ನು ಅವನ ಎಲೆಯ ಪಕ್ಕ ಹಾಸಿ, "ಬಡ್ಸಜ್ಜಿ" ಅಂದಳು.

ಯಾರಿಗೇ ಅಂದೆ.

"ಸಂಪಿನ ಪಾಪುಗೆ."

ಬಡಿಸಿದೆ. ಇನ್ನೊಂದು ಹಾಸಿದಳು. ಅದು ಜಡೆಗೆ ಹಳದಿ ಟೇಪು ಕಟ್ಟಿದ್ದ ಹುಡುಗಿಗೆ. ಅದರ ಪಕ್ಕದ್ದು ಆ ಹುಡುಗಿ ಕೂಗುತ್ತಿದ್ದ ಅಣ್ಣನಿಗೆ. ಒಬ್ಬೊಬ್ಬರಿಗೂ ಒಂದೇ ಮಾತು, ಅದಕ್ಕಿಂತ ಹೆಚ್ಚು ಹೇಳಲಿಲ್ಲ. ದನಿ ಎತ್ತಲಿಲ್ಲ, ಅಳಲಿಲ್ಲ. ಮದುವೆ ಮನೆಯಲ್ಲಿ ಪಂಕ್ತಿ ಹಾಕುವವರ ಹಾಗೆ ಹಾಕುತ್ತಾ ಹೋದಳು. ಕೋಣೆ ತುಂಬಿತು, ನಡುಮನೆಗೆ ಬಂದಳು. ಬಾಳೆ ಎಲೆ ಮುಗಿಯಿತು, ಅಟ್ಟದ ಮೇಲಿದ್ದ ಮುತ್ತುಗದ ಎಲೆಯ ಕಟ್ಟು ಇಳಿಸಿ ಬಿಚ್ಚಿದಳು. ಸೊಸೆ ಗೋಡೆಗೆ ಒರಗಿ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಮಗ ಹೋಗಿ ಮಗಳ ಎರಡೂ ಕೈ ಹಿಡಿದುಕೊಂಡ. ಸಾಕು ಕಣಮ್ಮ, ನಮ್ಮವರಿಗೆ ಇಟ್ಟಿದ್ದು ಸಾಕು ಅಂದ.

"ಇವ್ರೆಲ್ಲ ಇನ್ಯಾರ್ ಮನೆಗೆ ಹೋಗ್ತಾರಪ್ಪ?" ಅಂದಳು.

ಅವನು ಕೈ ಬಿಟ್ಟ. ಆಚೆ ಹೋಗಿ ಜಗುಲಿಯಲ್ಲಿ ಕೂತು ಅತ್ತ. ನಾನು ಬಡಿಸುತ್ತಲೇ ಇದ್ದೆ, ಮತ್ತೇನು ಮಾಡಲಿ. ನಾನು ಅಡುಗೆ ಮಾಡಿದ್ದು ಮೂರು ಎಲೆಗೆ, ಮನೆಯವರಿಗೆ. ಕಡುಬು ಮುಗಿಯಿತು, ಸಾರು ಮುಗಿಯಿತು. ಒಂದು ಪಾತ್ರೆ ಅನ್ನಕ್ಕೆ ಮತ್ತೆ ಎಸರು ಇಟ್ಟೆ. ಬಾಗಿದ ಸೊಂಟ ಎತ್ತಲಾಗದೆ ಕೂತು ಜರುಗಿ ಜರುಗಿ ಬಡಿಸಿದೆ. ಕೊನೆಯ ಎಲೆಗಳಿಗೆ ತಳ ಹತ್ತಿದ್ದನ್ನು ಕೆರೆದು ಹಾಕಿದೆ. ಎಲೆ ಮುಗಿದದ್ದರಿಂದ ಅವಳು ನಿಲ್ಲಿಸಿದಳು. ಜನ ಮುಗಿದಿರಲಿಲ್ಲ.

ಆ ಆಫೀಸಿಗೆ ಅವಳು ಮತ್ತೆ ಹೋಗಲಿಲ್ಲ. ಬೇರೆಲ್ಲಿಗೂ ಹೋಗಲಿಲ್ಲ. ಆಮೇಲೆ ಆಸ್ಪತ್ರೆಗೆ ತೋರಿಸಿದೆವು, ಮಾತ್ರೆ ಕೊಟ್ಟಿದ್ದಾರೆ, ನುಂಗುತ್ತಾಳೆ, ಮಲಗುತ್ತಾಳೆ. ಈ ನಾಲ್ಕು ವರ್ಷದಲ್ಲಿ ಆ ಬಟ್ಟೆ ಅಂಗಡಿಯ ಮೇಲೆ ಎಷ್ಟು ಮಕ್ಕಳು ಬಂದು ಕೂತು ಎದ್ದು ಹೋದರೋ. ಪಕ್ಕದ ಸೀಟಿನವಳು ಒಂದು ಸಲ ಫೋನು ಮಾಡಿದ್ದಳು, ಆಮೇಲೆ ಇಲ್ಲ. ಪಕ್ಷ ಬಂದರೆ ಮೊಮ್ಮಗಳು ಎಲೆ ಹಾಸುತ್ತಾಳೆ, ಯಾರೂ ಬೇಡ ಅನ್ನುವುದಿಲ್ಲ. ಈಗ ನಾನು ದೊಡ್ಡ ಪಾತ್ರೆಯಲ್ಲೇ ಅಡುಗೆ ಮಾಡುತ್ತೇನೆ.

ಆ ಮೊದಲ ವರ್ಷ ಮಾತ್ರ ಯಾರಿಗೂ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಎಡೆಯಲ್ಲಿ ಇಟ್ಟದ್ದನ್ನು ಮನೆಯವರು ಕೂತು ತಿನ್ನಬೇಕು, ಅದು ಕ್ರಮ. ಮಗ ಅಪ್ಪನ ಎಲೆಯದನ್ನು ಒಂದು ತುತ್ತು ತಿಂದು ಎದ್ದ. ಉಳಿದ ಎಲೆಗಳನ್ನು ಯಾರೂ ಮುಟ್ಟಲಿಲ್ಲ. ಯಾರು ಯಾರೋ, ಹೇಗೆ ಹೇಗೆ ಸತ್ತವರೋ, ಅವರ ಎಂಜಲು ಹೇಗೆ ತಿನ್ನುವುದು ಅಂದಳು ಸೊಸೆ. ತಪ್ಪೇನೂ ಅಲ್ಲ. ಹಾಗೇ ಬಾಗಿಲು ಎಳೆದುಕೊಂಡು ಮಲಗಿದರು.

ಮಾರನೆಯ ಬೆಳಿಗ್ಗೆ ಎದ್ದು ಮುಖ ತೊಳೆದು ಹೋಗಿ ನೋಡಿದೆ. ಎಲೆ ಬಾಡಿ ಮಡಚಿಕೊಂಡಿದ್ದವು, ಅನ್ನ ಹಳಸಿತ್ತು, ಇರುವೆ ಹತ್ತಿತ್ತು. ಬಕೆಟ್ಟಿನ ನೀರು ಇಟ್ಟಷ್ಟೇ ಇತ್ತು. ತಿಪ್ಪೆಗೆ ಹಾಕಲು ಸೊಸೆ ಒಂದು ಮಂಕರಿ ತಂದಿಟ್ಟಿದ್ದಳು. ನಾನು ಮಂಕರಿಯನ್ನು ಆಚೆ ಇಟ್ಟು, ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತೆ. ಆ ಎಮ್ಮೆಯವನ ಎಲೆಯಿಂದ ಒಂದು ತುತ್ತು ತೆಗೆದು ತಿಂದೆ. ಆಮೇಲೆ ಜರುಗಿ, ಸಂಪಿನ ಪಾಪುವಿನದು. ಇರುವೆ ಊದಿ, ಒಂದೊಂದು ಎಲೆಯಿಂದ ಒಂದೊಂದು ತುತ್ತು.

ಮೊಮ್ಮಗಳು ಯಾವಾಗಲೋ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ನಾನು ಮುತ್ತುಗದ ಎಲೆಗಳ ಸಾಲಿಗೆ ಬಂದಿದ್ದೆ.

"ಉಪ್ಪಿತ್ತಾ ಅಜ್ಜಿ?" ಅಂದಳು.

ಇತ್ತು ಅಂದೆ. ಇರಲಿಲ್ಲ, ಎರಡನೇ ಸಲ ಅನ್ನಕ್ಕಿಟ್ಟಾಗ ಉಪ್ಪು ಹಾಕುವುದೇ ಮರೆತಿತ್ತು. ಕೈಯೂರಿಕೊಂಡು ಮುಂದಿನ ಎಲೆಗೆ ಜರುಗಿದೆ.